ಮಾತ್ರೆಯಿಂದ ಕಿಡ್ನಿ ಹೋಗುತ್ತಾ ಡಾಕ್ಟ್ರೇ?

ಪ್ರಶ್ನೆ: ನಮ್ಮ ಅಪ್ಪಾಜಿಗೆ 56 ವರ್ಷ. ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮೂರು ವರ್ಷದ ಹಿಂದೆ ಶುಗರ್ ಇದೆ ಅಂತ ಗೊತ್ತಾಯಿತು. ಒಂದು ವರ್ಷ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಇರುವ ಮಾತ್ರೆ ತಗೊಂಡರು. ಆಮೇಲೆ ಯಾರೋ ‘ಇದನ್ನ ತಿಂದರೆ ಕಿಡ್ನಿ ಹೋಗುತ್ತೆ’ ಅಂದರಂತೆ, ಬಿಟ್ಟೇಬಿಟ್ಟರು. ಈಗ ಒಂದು ಬೇರಿನ ಪುಡಿ ತಗೋತಾರೆ. ಬುಡಸಮೇತ ವಾಸಿ ಆಗುತ್ತೆ ಅಂತ ಕೊಟ್ಟವರು ಹೇಳಿದ್ದಾರೆ. ಹೋದ ವಾರ ಟೆಸ್ಟ್ ಮಾಡಿಸಿದೆವು. ಖಾಲಿ ಹೊಟ್ಟೆಯಲ್ಲಿ 124, ಊಟ ಆದ ಮೇಲೆ 261, ಎಚ್‌ಬಿಎ1ಸಿ 8.4. ‘ಬೆಳಗಿನದು ಬಾರ್ಡರ್‌ನಲ್ಲಿದೆ, ನನಗೇನೂ ಆಗಿಲ್ಲ’ ಅಂತಾರೆ. ಆದರೆ ರಾತ್ರಿ ಅಂಗಾಲು ಉರಿ ಅಂತ ಒದ್ದಾಡುತ್ತಾರೆ, ಹಿಮ್ಮಡಿ ಒಡೆದಿದೆ. ಇನ್ಸುಲಿನ್ ಅಂದರೆ ಎದ್ದು ಹೋಗುತ್ತಾರೆ. ನನಗೆ 29. ಬಸುರಿಯಾಗಿದ್ದಾಗ ನನಗೂ ಶುಗರ್ ಬಂದಿತ್ತು, ಹೆರಿಗೆ ಆದ ಮೇಲೆ ಹೋಯಿತು. ಈ ಕಾಯಿಲೆ ಯಾಕೆ ಬರುತ್ತೆ? ಅಪ್ಪಾಜಿಗೆ ಹೇಗೆ ತಿಳಿಸಿ ಹೇಳಲಿ?

ಉತ್ತರ: ಮೊದಲು ಈಗಲೇ ಆಗಬೇಕಾದ ಕೆಲಸ ಹೇಳಿಬಿಡುತ್ತೇನೆ ತಾಯಿ, ವಿವರ ಆಮೇಲೆ. ಇವತ್ತು ರಾತ್ರಿ ಅಪ್ಪಾಜಿ ಮಲಗುವ ಮುಂಚೆ ಅವರ ಎರಡೂ ಪಾದಗಳನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಹಿಮ್ಮಡಿಯ ಬಿರುಕು ಆಳವಾಗಿದೆಯಾ, ರಕ್ತ ಜಿನುಗುತ್ತಿದೆಯಾ, ಸುತ್ತ ಕೆಂಪಾಗಿ ಬಿಸಿ ಇದೆಯಾ, ವಾಸನೆ ಇದೆಯಾ? ಬೆರಳುಗಳ ಸಂದಿಯಲ್ಲೂ ನೋಡಿ. ಇದರಲ್ಲಿ ಯಾವುದೊಂದು ಕಂಡರೂ ನಾಳೆ ಬೆಳಗ್ಗೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಏನೂ ಇಲ್ಲದಿದ್ದರೂ ಈ ವಾರದೊಳಗೆ ತೋರಿಸಲೇಬೇಕು. ಇನ್ನೊಂದು ಮಾತು: ಮನೆಯಲ್ಲಿ ಉಳಿದಿರುವ ಹಳೇ ಮಾತ್ರೆಯ ಪಟ್ಟಿ ತೆಗೆದು ನೀವೇ ಶುರು ಮಾಡಿಸಬೇಡಿ. ಎರಡು ವರ್ಷ ಕಳೆದಿದೆ. ಕಿಡ್ನಿ ಹೇಗಿದೆ ಅಂತ ನೋಡಿಯೇ ಯಾವ ಮಾತ್ರೆ, ಎಷ್ಟು ಅಂತ ಗೊತ್ತು ಮಾಡಬೇಕು.

ಇನ್ನು ರಿಪೋರ್ಟಿಗೆ ಬರೋಣ. 124 ನೋಡಿ ಅಪ್ಪಾಜಿ ಸಮಾಧಾನ ಪಟ್ಟುಕೊಂಡಿದ್ದಾರೆ. ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನ ಹೀಗೇ ಮಾಡುತ್ತಾರೆ. ಟೆಸ್ಟ್ ನಾಳೆ ಅಂದರೆ ಇವತ್ತು ರಾತ್ರಿ ಅನ್ನ ಮುಟ್ಟುವುದಿಲ್ಲ, ಬರೀ ಮಜ್ಜಿಗೆ ಕುಡಿದು ಮಲಗುತ್ತಾರೆ, ಬೆಳಗ್ಗೆ ಎದ್ದು ಜೋರಾಗಿ ವಾಕಿಂಗ್ ಮಾಡಿ ಲ್ಯಾಬಿಗೆ ಹೋಗುತ್ತಾರೆ. ಆ ಒಂದು ಬೆಳಗಿನ ಸಂಖ್ಯೆ ಇಳಿಯುತ್ತದೆ, ನಿಜ. ಆದರೆ ಎಚ್‌ಬಿಎ1ಸಿ ಹಾಗೆ ಒಂದು ರಾತ್ರಿಯ ಉಪವಾಸಕ್ಕೆ ಬಗ್ಗುವುದಿಲ್ಲ. ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ. ಅಷ್ಟೂ ದಿನ ಅವುಗಳ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಎಷ್ಟು ಅಂಟಿದೆ ಅಂತ ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. 8.4 ಅಂದರೆ ಸರಾಸರಿ 194ರ ಆಸುಪಾಸು. ಅಪ್ಪಾಜಿಯ ದಿನದ ಬಹುಪಾಲು ಹೊತ್ತು ಸಕ್ಕರೆ 124ರಲ್ಲಿಲ್ಲ, ಅದಕ್ಕಿಂತ ಎಷ್ಟೋ ಮೇಲಿದೆ.

ಬಾರ್ಡರ್ ಅನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಇನ್ನೂ ಕಾಯಿಲೆ ಇದೆಯೋ ಇಲ್ಲವೋ ಗೊತ್ತಿಲ್ಲದವರಿಗೆ ಈ ಅಳತೆ: ಎಂಟು ಗಂಟೆ ಏನೂ ತಿನ್ನದೆ ಪರೀಕ್ಷಿಸಿದಾಗ 100ರ ಒಳಗಿದ್ದರೆ ಸರಿ, 100ರಿಂದ 125 ಎಚ್ಚರಿಕೆ, 126 ಮುಟ್ಟಿದರೆ ಶುಗರ್. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರೆ 140ರ ಒಳಗೆ ಸರಿ, 200 ಮುಟ್ಟಿದರೆ ಶುಗರ್. ಎಚ್‌ಬಿಎ1ಸಿ 5.7ರಿಂದ 6.4 ಎಚ್ಚರಿಕೆ, 6.5 ಆದರೆ ಶುಗರ್. ಲಕ್ಷಣ ಏನೂ ಇಲ್ಲದವರಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತೇವೆ. ಅಪ್ಪಾಜಿಗೆ ಮೂರು ವರ್ಷದ ಹಿಂದೆಯೇ ಖಚಿತ ಆಗಿದೆ. ಅವರು ಈಗ ಬಾರ್ಡರ್ ನೋಡುವ ಹಾಗಿಲ್ಲ, ಹಿಡಿತ ಎಷ್ಟಿದೆ ಅಂತ ನೋಡಬೇಕು. ಅವರ ವಯಸ್ಸಿನವರಿಗೆ ಸಾಮಾನ್ಯವಾಗಿ ಎಚ್‌ಬಿಎ1ಸಿ 7ರ ಒಳಗೆ, ಊಟದ ನಂತರ 180ರ ಒಳಗೆ ಇರಲಿ ಅಂತೀವಿ. 80 ದಾಟಿದ ಅಜ್ಜ ಅಜ್ಜಿಯರಿಗೆ ಇಷ್ಟು ಬಿಗಿ ಬೇಡ, ಅವರಿಗೆ ಸಕ್ಕರೆ ತೀರಾ ಇಳಿಯುವುದೇ ಜಾಸ್ತಿ ಅಪಾಯ.

ಒಂದು ಎಚ್ಚರ. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು. ಕಬ್ಬಿಣದ ಕೊರತೆ ಇದ್ದರೆ ನಿಜಕ್ಕಿಂತ ಜಾಸ್ತಿ ತೋರಿಸಬಹುದು, ರಕ್ತ ಹೋಗಿದ್ದರೆ ಕಡಿಮೆ ತೋರಿಸಬಹುದು. ಅದಕ್ಕೇ ಹಿಮೋಗ್ಲೋಬಿನ್ ಜೊತೆಗೇ ನೋಡಿಸಿ. ಅಪ್ಪಾಜಿಯ ವಿಷಯದಲ್ಲಿ 261 ಕೂಡ ಅದೇ ಕಥೆ ಹೇಳುತ್ತಿರುವುದರಿಂದ ನನಗೆ ಅನುಮಾನ ಇಲ್ಲ.

ಈಗ ಕಿಡ್ನಿ ಭಯ. ಇದನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಯಾಕೆಂದರೆ ಭಯ ಸರಿಯಾದದ್ದೇ, ಬೆರಳು ತೋರಿಸುತ್ತಿರುವ ದಿಕ್ಕು ಮಾತ್ರ ತಪ್ಪು. ಶುಗರ್ ಇರುವವರಿಗೆ ಕಿಡ್ನಿ ಹಾಳಾಗುವುದು ನಿಜ. ಆದರೆ ಹಾಳು ಮಾಡುವುದು ವರ್ಷಗಟ್ಟಲೆ ಏರಿಯೇ ಇರುವ ಸಕ್ಕರೆ, ಅದರ ಜೊತೆ ಸೇರುವ ಬಿಪಿ. ಹಾಗಾದರೆ ಊರಿಗೆಲ್ಲ ಈ ಮಾತು ಹೇಗೆ ಹಬ್ಬಿತು? ನಾನು ಕಂಡಂತೆ ಹೀಗೆ. ಒಬ್ಬರಿಗೆ ಹತ್ತು ಹದಿನೈದು ವರ್ಷದಿಂದ ಶುಗರ್. ಮಾತ್ರೆ ಆಗಾಗ ನುಂಗುತ್ತಾರೆ, ಆಗಾಗ ಬಿಡುತ್ತಾರೆ. ಕಿಡ್ನಿ ಸೋಲುತ್ತದೆ. ಆಗ ಡಾಕ್ಟರ್ ‘ಮೆಟ್‌ಫಾರ್ಮಿನ್ ನಿಲ್ಲಿಸಿ’ ಅನ್ನುತ್ತಾರೆ. ಕಿಡ್ನಿಯ ಶಕ್ತಿ ತೀರಾ ಇಳಿದಾಗ ಆ ಮಾತ್ರೆ ಮೈಯಿಂದ ಹೊರಗೆ ಹೋಗದೆ ಉಳಿಯುತ್ತದೆ, ಅದಕ್ಕೆ ನಿಲ್ಲಿಸುವುದು. ಮನೆಯವರಿಗೆ ಕೇಳಿಸುವುದು ಮಾತ್ರ ‘ಮಾತ್ರೆಯಿಂದಲೇ ಕಿಡ್ನಿ ಹೋಯಿತಂತೆ’ ಅಂತ. ಮಾತು ಅಲ್ಲಿಂದ ಯಾರ್ಡಿಗೆ, ಯಾರ್ಡಿನಿಂದ ನಿಮ್ಮ ಮನೆಗೆ ಬಂದಿದೆ. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಹಾಳು ಮಾಡುವುದಿಲ್ಲ. ಅದು ಕೊಡುವ ನಿಜವಾದ ತೊಂದರೆ ಶುರುವಿನಲ್ಲಿ ಹೊಟ್ಟೆ ಉಬ್ಬರ, ಭೇದಿ. ಊಟದ ಜೊತೆ ತಗೊಂಡು ನಿಧಾನ ಹೆಚ್ಚಿಸಿದರೆ ಬಹಳ ಜನಕ್ಕೆ ಅದೂ ಕಡಿಮೆ ಆಗುತ್ತದೆ. ವರ್ಷಗಟ್ಟಲೆ ತಗೊಂಡವರಿಗೆ ವಿಟಮಿನ್ ಬಿ12 ಕಡಿಮೆ ಆಗಬಹುದು. ಅದನ್ನು ಆಗಾಗ ಪರೀಕ್ಷೆ ಮಾಡಿಸಿದರೆ ಸಾಕು.

ನಿಜವಾಗಿ ಕಿಡ್ನಿಗೆ ಪೆಟ್ಟು ಕೊಡುವುದು ಯಾವುದು ಗೊತ್ತಾ? ಮಂಡಿ ನೋವಿಗೆ, ಸೊಂಟ ನೋವಿಗೆ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದು ದಿನಾ ನುಂಗುವ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಅಂಥವು. ಶುಗರ್ ಮಾತ್ರೆಗೆ ಹೆದರುವ ಮನೆಗಳಲ್ಲೇ ಇವು ಡಬ್ಬಿಗಟ್ಟಲೆ ಇರುತ್ತವೆ. ಅಪ್ಪಾಜಿ ಅಂಗಾಲು ಉರಿಗೆ ಏನಾದರೂ ನುಂಗುತ್ತಿದ್ದಾರಾ ಅಂತ ಕೇಳಿ.

ಬೇರಿನ ಪುಡಿ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ಹೆಸರಿಲ್ಲದ, ಏನು ಹಾಕಿದ್ದಾರೆ ಅಂತ ಬರೆಯದ ಪೊಟ್ಟಣವನ್ನು ನಾನು ನಂಬುವುದಿಲ್ಲ. ಇಂಥ ಪುಡಿಗಳಲ್ಲಿ ಕೆಲವು ಸಲ ಸೀಸ, ಪಾದರಸ ಸಿಕ್ಕಿವೆ. ಕೆಲವು ಸಲ ಶುಗರ್ ಮಾತ್ರೆಯನ್ನೇ ಕುಟ್ಟಿ ಬೆರೆಸಿದ್ದೂ ಪರೀಕ್ಷೆಯಲ್ಲಿ ಕಂಡಿದೆ. ಹಾಗೆ ಬೆರೆಸಿದ್ದರೆ ಎಷ್ಟು ಪ್ರಮಾಣ ಅಂತ ತಗೊಳ್ಳುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಗಿಡಮೂಲಿಕೆ ಮೇಲೆ ಅಪ್ಪಾಜಿಗೆ ನಂಬಿಕೆ ಇದ್ದರೆ ಅವರಿಗೆ ಇದನ್ನು ಹೇಳಿ: ಮೆಟ್‌ಫಾರ್ಮಿನ್‌ನ ಮೂಲವೂ ಒಂದು ಗಿಡವೇ. ಯೂರೋಪಿನಲ್ಲಿ ಬೆಳೆಯುವ ಗಲೇಗಾ ಅನ್ನುವ ಗಿಡವನ್ನು ಅಲ್ಲಿನ ಜನ ಹಿಂದಿನಿಂದ ಔಷಧಿಗೆ ಬಳಸುತ್ತಿದ್ದರು. ಅದರಲ್ಲಿನ ಅಂಶ ಸಕ್ಕರೆ ಇಳಿಸುತ್ತದೆ ಅಂತ ಗೊತ್ತಾಯಿತು, ಆದರೆ ಹಾಗೇ ಕೊಟ್ಟರೆ ವಿಷ. ಅದನ್ನೇ ಹೋಲುವ, ಅಷ್ಟು ತೊಂದರೆ ಕೊಡದ ಔಷಧಿ ಮಾಡಿ 1957ರಲ್ಲಿ ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ರೋಗಿಗಳಿಗೆ ಕೊಟ್ಟ ವಿವರ ಪ್ರಕಟಿಸಿದರು. ಅಂದಿನಿಂದ ಜಗತ್ತಿನಾದ್ಯಂತ ಜನ ತಗೊಂಡು, ಅದರ ಒಳ್ಳೆಯದು ಕೆಟ್ಟದ್ದು ಎರಡೂ ತಿಳಿದಿದೆ. ಪೊಟ್ಟಣದ ಪುಡಿಗೆ ಆ ಲೆಕ್ಕ ಇಲ್ಲ.

ಅಪ್ಪಾಜಿಗೆ ಹೇಗೆ ಹೇಳಲಿ ಅಂತ ಕೇಳಿದ್ದೀರಿ. ನನ್ನ ಸಲಹೆ: ಮಾತ್ರೆ ತಗೊಳ್ಳಿ ಅಂತ ಜಗಳ ಆಡಬೇಡಿ. ‘ನಿಮಗೆ ಕಿಡ್ನಿ ಚಿಂತೆ ಅಲ್ವಾ ಅಪ್ಪಾಜಿ, ಕಿಡ್ನಿ ಟೆಸ್ಟೇ ಮಾಡಿಸೋಣ’ ಅನ್ನಿ. ಎರಡು ಪರೀಕ್ಷೆ ಸಾಕು. ಒಂದು ರಕ್ತದ ಕ್ರಿಯಾಟಿನಿನ್, ಅದರಿಂದ ಕಿಡ್ನಿ ಎಷ್ಟು ಶೋಧಿಸುತ್ತಿದೆ ಅಂತ ಲೆಕ್ಕ ಹಾಕುತ್ತಾರೆ, ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅಂತ ಇರುತ್ತದೆ. ಎರಡನೆಯದು ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನಿನ ಪ್ರಮಾಣ. ಈ ಎರಡನೆಯದನ್ನೇ ಜನ ಬಿಟ್ಟುಬಿಡುತ್ತಾರೆ, ನನಗೆ ಅದೇ ಬೇಸರ. ಕಿಡ್ನಿಯ ಜರಡಿಯ ಕಣ್ಣು ಅಗಲ ಆದಾಗ ರಕ್ತದಲ್ಲಿರಬೇಕಾದ ಆಲ್ಬುಮಿನ್ ಮೂತ್ರಕ್ಕೆ ಸೋರಲು ಶುರುವಾಗುತ್ತದೆ. ಕ್ರಿಯಾಟಿನಿನ್ ಏರಿ ಕಾಣುವ ಹೊತ್ತಿಗೆ ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗಿರಬಹುದು. ಈ ಸೋರಿಕೆ ಮಾತ್ರ ವರ್ಷಗಳ ಮುಂಚೆಯೇ ಸುಳಿವು ಕೊಡುತ್ತದೆ. ಮೂತ್ರದ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂ ಒಳಗಿದ್ದರೆ ಸರಿ. 30ರಿಂದ 300 ಇದ್ದರೆ ಶುರುವಿನ ಹಂತ, ಮುಂದೆ ಹೋಗದ ಹಾಗೆ ತಡೆಯಲು ಒಳ್ಳೆಯ ಅವಕಾಶ ಇದೆ. ಜ್ವರ ಇದ್ದಾಗ, ಮೂತ್ರದ ಸೋಂಕು ಇದ್ದಾಗ ಇದು ಸುಮ್ನೆ ಏರಿ ತೋರಿಸುತ್ತದೆ, ಆಗ ಮಾಡಿಸಬೇಡಿ. ಜಾಸ್ತಿ ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡಿಸಿ.

ಸೋರಿಕೆ ಇದೆ ಅಂತ ಬಂದರೆ ಕೊಡುವ ಮಾತ್ರೆಗಳು ಕಿಡ್ನಿಯನ್ನು ಕಾಯುವ ಮಾತ್ರೆಗಳೇ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಅಂಥವು ಸೋರಿಕೆ ಕಡಿಮೆ ಮಾಡುತ್ತವೆ. ಶುಗರ್ ಮಾತ್ರೆಗಳಲ್ಲೇ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇವೆ. ಹೆಚ್ಚಾದ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುತ್ತವೆ. ಡಪಾಗ್ಲಿಫ್ಲೋಜಿನ್ ಕಿಡ್ನಿ ಸೋಲುವುದನ್ನು ಸ್ಪಷ್ಟವಾಗಿ ನಿಧಾನ ಮಾಡುತ್ತದೆ ಅಂತ 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಹೃದಯಕ್ಕೂ ಒಳ್ಳೆಯದು. ಮೊದಲು ಇವು ದುಬಾರಿ ಇದ್ದವು. ಡಪಾಗ್ಲಿಫ್ಲೋಜಿನ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್ 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದು ನಮ್ಮಲ್ಲಿ ಬೆಲೆ ಬಹಳ ಇಳಿದಿದೆ. ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಗುಪ್ತಾಂಗದಲ್ಲಿ ನವೆ, ಶಿಲೀಂಧ್ರ ಸೋಂಕು ಬರಬಹುದು, ಸ್ವಚ್ಛವಾಗಿಟ್ಟುಕೊಳ್ಳಬೇಕು. ವಾಂತಿ ಭೇದಿ ಆಗಿ ಏನೂ ತಿನ್ನಲಾಗದ ದಿನ ಇವನ್ನು ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು.

ಈ ಕಾಯಿಲೆ ಯಾಕೆ ಬರುತ್ತೆ ಅಂದರೆ, ಸಕ್ಕರೆ ತಿಂದದ್ದರಿಂದ ಅನ್ನುವುದು ಅರ್ಧ ಮಾತು. ನಾವು ತಿನ್ನುವ ಅನ್ನ, ರೊಟ್ಟಿ, ಮುದ್ದೆ ಎಲ್ಲವೂ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತವೆ. ಅದು ಮಾಂಸಖಂಡದೊಳಗೆ ಹೋಗಲು ಮೇದೋಜೀರಕ ಗ್ರಂಥಿ ಮಾಡುವ ಇನ್ಸುಲಿನ್ ಬೇಕು. ಹೊಟ್ಟೆಯೊಳಗೆ, ಲಿವರ್‌ನಲ್ಲಿ ಕೊಬ್ಬು ಸೇರಿದಾಗ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳುವುದಿಲ್ಲ. ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಮಾಡುತ್ತಾ ಹೋಗಿ ಕೊನೆಗೆ ಸೋಲುತ್ತದೆ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಇನ್ಸುಲಿನ್ ಮಾಡುವ ಶಕ್ತಿ ಅರ್ಧದಷ್ಟು ಹೋಗಿರುತ್ತದೆ. ಅಪ್ಪಾಜಿ ದಪ್ಪ ಇಲ್ಲ ಅಂತ ನೀವು ಹೇಳಬಹುದು. ನಮ್ಮವರ ಮೈಕಟ್ಟೇ ಹಾಗೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ತೂಕದ ಯಂತ್ರಕ್ಕಿಂತ ಟೇಪು ಸರಿಯಾಗಿ ಹೇಳುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಮನೆತನದಲ್ಲಿ ಇದ್ದರೆ, ದಿನವಿಡೀ ಕೂತು ಕೆಲಸ ಮಾಡಿದರೆ ಬರುವ ಸಂಭವ ಇನ್ನೂ ಜಾಸ್ತಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಈ ಕಾಯಿಲೆ ಇದೆ. 13 ಕೋಟಿಗೂ ಹೆಚ್ಚು ಜನ ಎಚ್ಚರಿಕೆಯ ಹಂತದಲ್ಲಿದ್ದಾರೆ.

ಇಲ್ಲಿಯವರೆಗೆ ಹೇಳಿದ್ದು ಟೈಪ್ 2 ಶುಗರ್ ಬಗ್ಗೆ. ಟೈಪ್ 1 ಅನ್ನುವುದು ಬೇರೆಯದೇ. ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಬರುತ್ತದೆ. ಮೈಯ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಕಣಗಳನ್ನು ನಾಶ ಮಾಡಿರುತ್ತದೆ. ಅವರು ಒಂದು ದಿನವೂ ಇನ್ಸುಲಿನ್ ಬಿಡುವ ಹಾಗಿಲ್ಲ. ಪುಡಿ, ಕಷಾಯ ನಂಬಿ ಅಂಥ ಮಗುವಿನ ಇನ್ಸುಲಿನ್ ನಿಲ್ಲಿಸಿದರೆ ಜೀವವೇ ಹೋಗುತ್ತದೆ. ನಿಮ್ಮ ನೆಂಟರಿಷ್ಟರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಹೇಳಿ.

ಈಗ ಕಾಲಿನ ವಿಷಯಕ್ಕೆ ಬರುತ್ತೇನೆ, ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಅದೇ. ರಾತ್ರಿ ಅಂಗಾಲು ಉರಿ ಅಂದರೆ ನರಗಳಿಗೆ ಪೆಟ್ಟು ಬೀಳುತ್ತಿದೆ ಅಂತ ತಿಳಿಯಬೇಕು. ಉಷ್ಣ ಆಗಿದೆ ಅಂತ ಎಳನೀರು ಕುಡಿಸಿ, ಕಾಲಿಗೆ ಹರಳೆಣ್ಣೆ ಹಚ್ಚಿ ವರ್ಷಗಟ್ಟಲೆ ಕಳೆಯುತ್ತಾರೆ. ಉರಿ ಇದ್ದಷ್ಟು ದಿನ ಕನಿಷ್ಠ ಗಮನವಾದರೂ ಇರುತ್ತದೆ. ಮುಂದೆ ಒಂದು ದಿನ ಉರಿ ನಿಲ್ಲುತ್ತದೆ, ಜನ ವಾಸಿ ಆಯಿತು ಅಂದುಕೊಳ್ಳುತ್ತಾರೆ. ನಿಜಕ್ಕೂ ಆಗ ಸ್ಪರ್ಶವೇ ಹೋಗಿರಬಹುದು.

ಯಾರ್ಡಿನಲ್ಲೇ ಕೆಲಸ ಮಾಡುವ ಒಬ್ಬರು ನನ್ನ ಹತ್ತಿರ ಬಂದಿದ್ದರು. ಶೂ ಒಳಗೆ ಒಂದು ಒಣ ಮೆಕ್ಕೆಜೋಳದ ಕಾಳು ಬಿದ್ದಿತ್ತು. ಬೆಳಗ್ಗೆಯಿಂದ ಸಂಜೆವರೆಗೂ ಅದರ ಮೇಲೇ ನಡೆದಿದ್ದಾರೆ. ನಮಗೆ ನಿಮಗೆ ಆಗಿದ್ದರೆ ಎರಡು ಹೆಜ್ಜೆಗೆ ಶೂ ಬಿಚ್ಚಿ ಕೊಡವುತ್ತಿದ್ದೆವು. ಅವರಿಗೆ ಗೊತ್ತೇ ಆಗಿಲ್ಲ. ರಾತ್ರಿ ಸಾಕ್ಸ್ ಒದ್ದೆ ಇದೆ ಅಂತ ಹೆಂಡತಿ ನೋಡಿದಾಗ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಒಡೆದು ಚರ್ಮ ಕಿತ್ತಿತ್ತು. ಆ ಗಾಯ ಮಾಯಲು ತಿಂಗಳುಗಳೇ ಹಿಡಿದವು. ಅವರ ಮನೆಯವರು ಅವತ್ತೇ ನೋಡಿದ್ದರಿಂದ ಬೆರಳು ಉಳಿಯಿತು. ಅಪ್ಪಾಜಿಗೆ ಇಷ್ಟು ಹೇಳಿಕೊಡಿ: ಚಪ್ಪಲಿ, ಶೂ ಹಾಕುವ ಮುಂಚೆ ಒಳಗೆ ಕೈಯಾಡಿಸಿ ನೋಡುವುದು, ದಿನಾ ರಾತ್ರಿ ಪಾದ ನೋಡುವುದು. ಬಗ್ಗಲು ಆಗದಿದ್ದರೆ ನೆಲದ ಮೇಲೆ ಒಂದು ಕನ್ನಡಿ ಇಟ್ಟು ಅದರ ಮೇಲೆ ಕಾಲು ಹಿಡಿದರೆ ಅಂಗಾಲು ಕಾಣುತ್ತದೆ. ಮನೆಯೊಳಗೂ ಚಪ್ಪಲಿ ಇರಲಿ. ಬಿಸಿನೀರಿನಲ್ಲಿ ಕಾಲು ಇಡುವುದು ಬೇಡ, ಬಿಸಿ ಎಷ್ಟಿದೆ ಅಂತ ಅವರ ಕಾಲಿಗೆ ತಿಳಿಯುವುದಿಲ್ಲ. ಆಣಿ ಇದ್ದರೆ ಬ್ಲೇಡಿನಿಂದ ಕೊಯ್ಯಬಾರದು. ಹಿಮ್ಮಡಿಗೆ ರಾತ್ರಿ ವ್ಯಾಸಲಿನ್ ಹಚ್ಚಿ, ಬೆರಳ ಸಂದಿಗೆ ಮಾತ್ರ ಬೇಡ, ಅಲ್ಲಿ ಒಣಗಿರಬೇಕು. ನಾಯಕನಹಟ್ಟಿ ತೇರಿಗೆ ಬರಿಗಾಲಲ್ಲಿ ನಡೆದು ಬರುವ ಹರಕೆ ಇದ್ದರೆ ಬೇರೆ ರೂಪದಲ್ಲಿ ತೀರಿಸಲಿ. ಬೇಸಿಗೆಯ ಟಾರು ರಸ್ತೆ ಸುಟ್ಟದ್ದು ಗೊತ್ತಾಗದೆ ಅಂಗಾಲು ತುಂಬ ಬೊಬ್ಬೆ ಬರುತ್ತದೆ. ಬೀಡಿ ಸಿಗರೇಟು ಇದ್ದರೆ ಇವತ್ತೇ ನಿಲ್ಲಬೇಕು, ಕಾಲಿನ ರಕ್ತನಾಳಗಳಿಗೆ ಅದು ಎರಡನೇ ಶತ್ರು. ಡಾಕ್ಟರ್ ಹತ್ತಿರ ಹೋದಾಗ ಪಾದಕ್ಕೆ ಸಣ್ಣ ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶ ನೋಡಿ ಅಂತ ನೀವೇ ಕೇಳಿ. ಎರಡು ನಿಮಿಷದ ಕೆಲಸ. ಬಿ12 ಕೂಡ ನೋಡಿಸಿ, ಅದು ಕಡಿಮೆ ಇದ್ದರೂ ಇದೇ ಉರಿ ಬರುತ್ತದೆ.

ಕಣ್ಣು ವರ್ಷಕ್ಕೊಮ್ಮೆ, ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿ ಕಣ್ಣಿನ ಹಿಂಭಾಗದ ಪರದೆ ನೋಡಿಸಿ. ದೃಷ್ಟಿ ಚೆನ್ನಾಗಿದೆ ಅಂತ ಬಿಡಬೇಡಿ, ಮಂಜಾಗುವ ಹೊತ್ತಿಗೆ ತಡ ಆಗಿರುತ್ತದೆ. ಬಿಪಿ 130/80ರ ಒಳಗೆ ಇರಲಿ. ಕೊಲೆಸ್ಟರಾಲ್ ಮಾತ್ರೆಯನ್ನು ಈ ವಯಸ್ಸಿನಲ್ಲಿ ಶುಗರ್ ಇರುವ ಬಹುಪಾಲು ಜನಕ್ಕೆ ಕೊಡುತ್ತೇವೆ, ಯಾಕೆಂದರೆ ಶುಗರ್ ಇರುವವರ ಜೀವ ತೆಗೆಯುವುದರಲ್ಲಿ ಹೃದಯಾಘಾತವೇ ಮುಂದು. ಕೆಲವರಿಗೆ ಎದೆನೋವೂ ಬರುವುದಿಲ್ಲ. ಬರೀ ಬೆವರು, ಸುಸ್ತು, ಉಸಿರು ಕಟ್ಟುವುದು. ಹಾಗೆ ಆದರೆ ಗ್ಯಾಸ್ ಅಂತ ಸೋಡಾ ಕುಡಿಸಿ ಕಾಯಬೇಡಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ದಾವಣಗೆರೆಯವರಿಗೆ ಹೇಳದೆ ಬಿಟ್ಟರೆ ಉತ್ತರ ಅರ್ಧ ಆಗುತ್ತದೆ. ಶುಗರ್ ಇದೆ ಅಂತ ಬೆಣ್ಣೆ ದೋಸೆ ಬಿಟ್ಟವರು ಸಂಜೆ ಮಂಡಕ್ಕಿ ತಿನ್ನುತ್ತಾರೆ. ‘ಹಗುರ ಅಲ್ವಾ ಡಾಕ್ಟ್ರೇ, ಹೊಟ್ಟೆಗೆ ಏನೂ ಆಗಲ್ಲ’ ಅನ್ನುತ್ತಾರೆ. ಮಂಡಕ್ಕಿ ಹಗುರ ನಿಜ, ಆದರೆ ಅದು ಅಕ್ಕಿಯೇ. ಭಟ್ಟಿಯಲ್ಲಿ ಕಾದ ಮರಳಿನಲ್ಲಿ ಉಬ್ಬಿದ ಮೇಲೆ ಅದರ ಪಿಷ್ಟ ಎಷ್ಟು ಬೇಗ ಜೀರ್ಣ ಆಗುತ್ತದೆ ಅಂದರೆ ಅನ್ನಕ್ಕಿಂತ ವೇಗವಾಗಿ ಸಕ್ಕರೆ ಏರಿಸುತ್ತದೆ. ಜೊತೆಗೆ ಎರಡು ಮಿರ್ಚಿ, ಒಂದು ಸಕ್ಕರೆ ಚಹಾ. ನಮ್ಮೂರಲ್ಲಿ ಇದನ್ನು ಪೂರ್ತಿ ಬಿಡಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ವಾರಕ್ಕೊಂದು ಸಲ, ಒಂದು ಹಿಡಿ ಮಂಡಕ್ಕಿಗೆ ಅದರಷ್ಟೇ ಈರುಳ್ಳಿ, ಸೌತೆಕಾಯಿ, ಶೇಂಗಾ, ಹುರಿಗಡಲೆ ಬೆರೆಸಿ ತಿನ್ನಲಿ. ದಿನಾ ಸಂಜೆಗೆ ಒಂದು ಹಿಡಿ ಶೇಂಗಾ ಅಥವಾ ನೆನೆಸಿದ ಕಡಲೆ ಸಾಕು.

ಯಾರ್ಡಿನ ಚಹಾ ಲೆಕ್ಕ ಹಾಕಿ. ಒಂದು ಸಣ್ಣ ಗ್ಲಾಸಿಗೆ ಒಂದೂವರೆ ಚಮಚ ಸಕ್ಕರೆ ಅಂದರೂ ದಿನಕ್ಕೆ ಆರು ಚಹಾಕ್ಕೆ ಒಂಬತ್ತು ಚಮಚ, 45 ಗ್ರಾಂ. ಬರೀ ಇದೊಂದು ನಿಂತರೆ ಸಂಜೆಯ ಸಂಖ್ಯೆ ಬೇರೆಯಾಗುತ್ತದೆ. ಸಕ್ಕರೆ ಬದಲು ಬೆಲ್ಲ ಹಾಕಿದರೆ ರಕ್ತಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮುದ್ದೆ ಎಷ್ಟು ತಿಂದರೂ ಪರವಾಗಿಲ್ಲ ಅನ್ನುವುದೂ ತಪ್ಪು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಜಾಸ್ತಿ, ಒಳ್ಳೆಯದು, ಆದರೆ ದೊಡ್ಡ ಎರಡು ಮುದ್ದೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಒಂದು ಸಣ್ಣ ಮುದ್ದೆ, ಜೊತೆಗೆ ಕಾಳಿನ ಸಾರು, ಸೊಪ್ಪಿನ ಪಲ್ಯ. ಇಲ್ಲವೇ ಎರಡು ತೆಳು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ. ತಟ್ಟೆಯಲ್ಲಿ ಮೊದಲು ಕೋಸಂಬರಿ, ಪಲ್ಯ, ಕಾಳು ತಿಂದು ಕೊನೆಗೆ ಅನ್ನಕ್ಕೆ ಹೋದರೆ ಅದೇ ಊಟಕ್ಕೆ ಸಕ್ಕರೆ ಕಡಿಮೆ ಏರುತ್ತದೆ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಲಿ. ನಡೆಯುವ ಮಾಂಸಖಂಡ ಇನ್ಸುಲಿನ್‌ಗೆ ಕಾಯದೆ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಬೆಳಗ್ಗೆ ಕುಂದವಾಡ ಕೆರೆ ಸುತ್ತಿ ಬಂದು ಉಳಿದ ದಿನವೆಲ್ಲ ಕೂರುವುದಕ್ಕಿಂತ ಮೂರು ಊಟದ ನಂತರದ ಈ ಸಣ್ಣ ನಡಿಗೆ ಅಪ್ಪಾಜಿಯ 261ಕ್ಕೆ ಹೆಚ್ಚು ಕೆಲಸ ಮಾಡುತ್ತದೆ. ಎರಡೂ ಆದರೆ ಇನ್ನೂ ಒಳ್ಳೆಯದು. ಶೂ ಹಾಕಿಕೊಂಡೇ.

ಬುಡಸಮೇತ ವಾಸಿ ಆಗುತ್ತಾ? ಆ ಮಾತು ಯಾರೂ ಕೊಡಲಾಗದು. ಆದರೆ ಕಾಯಿಲೆ ಬಂದ ಮೊದಲ ಕೆಲವು ವರ್ಷಗಳಲ್ಲಿ, ತೂಕ ಚೆನ್ನಾಗಿ ಇಳಿಸಿದವರಲ್ಲಿ ಕೆಲವರಿಗೆ ಮಾತ್ರೆ ಇಲ್ಲದೆಯೂ ಎಚ್‌ಬಿಎ1ಸಿ 6.5ರ ಕೆಳಗೆ ಇಳಿದು ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಒಂದು ವರ್ಷದಲ್ಲಿ ಹೀಗಾಯಿತು. ಅವರೆಲ್ಲ ನಮ್ಮವರಿಗಿಂತ ದಪ್ಪಗಿದ್ದವರು, ಡಾಕ್ಟರುಗಳ ಕಣ್ಣಿನಡಿಯಲ್ಲಿದ್ದವರು. ತೂಕ ಮತ್ತೆ ಏರಿದರೆ ಶುಗರೂ ಮತ್ತೆ ಬರುತ್ತದೆ. ಆದ್ದರಿಂದ ಮಾತ್ರೆ ಕಡಿಮೆ ಮಾಡುವ ಆಸೆ ಅಪ್ಪಾಜಿಗೆ ಇದ್ದರೆ ಅದಕ್ಕೆ ದಾರಿ ಇದೆ: ಮೊದಲು ಮಾತ್ರೆಯಿಂದ ಸಕ್ಕರೆ ಹಿಡಿತಕ್ಕೆ ತರುವುದು, ಸೊಂಟ ಇಳಿಸುವುದು, ಆಮೇಲೆ ಡಾಕ್ಟರೇ ಕಡಿಮೆ ಮಾಡುತ್ತಾರೆ. ಈಗಿನ ದಿನಗಳು ಮುಖ್ಯ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ, ಎಚ್‌ಬಿಎ1ಸಿ ಒಂದು ಅಂಕ ಕಡಿಮೆ ಇದ್ದವರಲ್ಲಿ ಕಣ್ಣು, ಕಿಡ್ನಿ ತೊಂದರೆ 37% ಕಡಿಮೆ ಕಂಡಿತು. ಶುರುವಿನಲ್ಲಿ ಬಿಗಿಯಾಗಿ ಹಿಡಿದವರಿಗೆ ಆ ಲಾಭ ಹತ್ತು ವರ್ಷ ಆದಮೇಲೂ ಉಳಿದಿತ್ತು.

ಗ್ಲಿಮೆಪಿರೈಡ್ ಮತ್ತೆ ಕೊಟ್ಟರೆ ಒಂದು ವಿಷಯ ಮನೆಯವರಿಗೆಲ್ಲ ಗೊತ್ತಿರಲಿ. ಅದನ್ನು ನುಂಗಿ ಊಟ ತಪ್ಪಿಸಿದರೆ ಸಕ್ಕರೆ 70ರ ಕೆಳಗೆ ಇಳಿಯಬಹುದು. ಕೈ ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ಸುಮ್ನೆ ಸಿಟ್ಟು, ಮಾತು ತೊದಲುವುದು. ಆಗ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರದಿದ್ದರೆ ಮತ್ತೊಮ್ಮೆ. ಸರಿಹೋದ ಮೇಲೆ ಊಟ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಶಿವರಾತ್ರಿ, ಶ್ರಾವಣ ಸೋಮವಾರ ಉಪವಾಸ ಇರುವುದಾದರೆ ಮುಂಚೆಯೇ ಡಾಕ್ಟರಿಗೆ ಹೇಳಿದರೆ ಆ ದಿನದ ಮಾತ್ರೆ ಬದಲಿಸಿಕೊಡುತ್ತಾರೆ.

ಇನ್ಸುಲಿನ್ ಅಂದರೆ ಕೊನೆ ಹಂತ ಅಲ್ಲ. ಅಪ್ಪಾಜಿಗೆ ಈಗ ಅದು ಬೇಕಾಗಲಿಕ್ಕಿಲ್ಲ, ಮಾತ್ರೆಯಲ್ಲೇ ಹಿಡಿತಕ್ಕೆ ಬರಬಹುದು ಅಂತ ನನಗೆ ಅನ್ನಿಸುತ್ತದೆ. ಆದರೆ ಕಾಲಿನಲ್ಲಿ ದೊಡ್ಡ ಗಾಯ ಆದರೆ, ಆಪರೇಷನ್ ಬಂದರೆ ಕೆಲವು ದಿನಕ್ಕೆ ಕೊಡಬೇಕಾಗಬಹುದು, ವಾಸಿ ಆದ ಮೇಲೆ ನಿಲ್ಲಿಸಲೂಬಹುದು. 1922ರಲ್ಲಿ ಟೊರೊಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಕೊಟ್ಟಾಗಿನಿಂದ ಅದು ಉಳಿಸಿರುವ ಜೀವಗಳಿಗೆ ಲೆಕ್ಕವಿಲ್ಲ. ಒಂದು ವೇಳೆ ಶುರು ಮಾಡಿದರೆ ಸಿರಿಂಜ್ ಬಗ್ಗೆ ಎಚ್ಚರ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ 40ರ ಅಳತೆಯದು (ಒಂದು ಮಿಲಿಲೀಟರಿಗೆ 40 ಯೂನಿಟ್), ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. ಕಿತ್ತಳೆ ಮುಚ್ಚಳದ್ದು 100ರದು. ಅದಲು ಬದಲಾದರೆ ಎರಡೂವರೆ ಪಟ್ಟು ವ್ಯತ್ಯಾಸ. ಸೀಸೆಯನ್ನು ಫ್ರೀಜರಿನಲ್ಲಿ ಇಡಬಾರದು, ಫ್ರಿಜ್ಜಿನ ಬಾಗಿಲಿನಲ್ಲಿಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಒದ್ದೆ ಮರಳಿನ ಮಣ್ಣಿನ ಮಡಕೆಯೊಳಗೆ, ನೀರು ತಾಗದ ಹಾಗೆ ಇಟ್ಟರೆ ನಮ್ಮ ಏಪ್ರಿಲ್ ಬಿಸಿಲಿನಲ್ಲೂ ಕೆಡದೆ ಉಳಿಸಿಕೊಳ್ಳಬಹುದು.

ಖರ್ಚಿನ ಚಿಂತೆ ಇದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಉಚಿತ, ಮಾತ್ರೆಯೂ ಉಚಿತ. ತಾಲ್ಲೂಕು ಆಸ್ಪತ್ರೆಗಳಲ್ಲಿ, ನಮ್ಮ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೂ ತೋರಿಸಬಹುದು. ಹೊರಗೆ ಕೊಳ್ಳುವುದಾದರೆ ಜನೌಷಧಿ ಅಂಗಡಿಯಲ್ಲಿ ಬೆಲೆ ಕಡಿಮೆ.

ಕೊನೆಗೆ ನಿಮ್ಮ ವಿಷಯ ತಾಯಿ. ‘ಹೆರಿಗೆ ಆದ ಮೇಲೆ ಹೋಯಿತು’ ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ಬಸುರಿಯಲ್ಲಿ ಶುಗರ್ ಬಂದವರಿಗೆ ಮುಂದೆ ಟೈಪ್ 2 ಬರುವ ಸಂಭವ ಬರದವರಿಗಿಂತ ಏಳರಿಂದ ಹತ್ತು ಪಟ್ಟು ಜಾಸ್ತಿ. ನಿಮ್ಮ ತಂದೆಗೂ ಇದೆ. ಹೆರಿಗೆ ಆದ ಆರರಿಂದ ಹನ್ನೆರಡು ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಬೇಕಿತ್ತು. ಆಗಿಲ್ಲದಿದ್ದರೆ ಈಗ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಬಸುರಿಯಾಗುವ ಮುಂಚೆಯೇ ಮಾಡಿಸಬೇಕು, ಯಾಕೆಂದರೆ ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ನಿಮಗೆ ಬಸುರಿ ಅಂತ ಗೊತ್ತಾಗುವುದಕ್ಕೂ ಮುಂಚಿನ ವಾರಗಳಲ್ಲೇ. ಅಪ್ಪಾಜಿಯನ್ನು ಕರೆದುಕೊಂಡು ಲ್ಯಾಬಿಗೆ ಹೋಗುವ ದಿನ ನೀವೂ ಖಾಲಿ ಹೊಟ್ಟೆಯಲ್ಲಿ ಹೋಗಿ, ಇಬ್ಬರದ್ದೂ ಒಟ್ಟಿಗೆ ಆಗಲಿ. ಎರಡು ಗಂಟೆ ಕಾಯಬೇಕಾಗುತ್ತದೆ, ಅಪ್ಪಾಜಿಯ ತಿಂಡಿ ಡಬ್ಬಿ ಕಟ್ಟಿಕೊಳ್ಳಿ. ಅವರ ಊಟದ ನಂತರದ ಪರೀಕ್ಷೆಗೆ ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದಾಗಿನಿಂದ ಅಲ್ಲ. ಮೂತ್ರದ ಆಲ್ಬುಮಿನ್ ಪರೀಕ್ಷೆಗೆ ಬೆಳಗಿನ ಮೊದಲ ಮೂತ್ರ ಒಳ್ಳೆಯದು, ಅದಕ್ಕೆ ಬೇಕಾದ ಡಬ್ಬಿಯನ್ನು ಹಿಂದಿನ ದಿನವೇ ಲ್ಯಾಬಿನಿಂದ ತಂದಿಟ್ಟುಕೊಳ್ಳಿ.